ನದಿಯ ಮರಳುದಂಡೆಯೂ ಕೆಡವಿದ ಮನೆಯ ಅವಶೇಷವೂ

ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಕಡಲಿಲ್ಲ; ಭೀಮಾ, ಅಮರ್ಜಾ ನದಿಗಳ ಮರಳುದಂಡೆಗಳುಂಟು. ಹಿಂದೆ ಮನೆ ಕೆಡವಿದರೆ ಕಲ್ಲು, ತೊಲೆಗಳು ಹೊಸ ಮನೆಗೆ, ಮಣ್ಣು ಹೊಲಕ್ಕೆ ಸಲ್ಲುತ್ತಿದ್ದುವು. ಕಾಂಕ್ರೀಟಿನ ಅವಶೇಷಕ್ಕೆ ಅಂತಹ ಗತಿಯಿಲ್ಲ. ಅದನ್ನು ದಂಡೆಯಲ್ಲಿ ಸುರಿದಾಗ, ಕಾಣುವ ತುಂಡುಗಳಿಗಿಂತ ಕಾಣದ ಪುಡಿಯೇ ಹೆಚ್ಚು ಕೇಡಿನದೆಂದು ನಾವು ಎಣಿಸುತ್ತೇವೆ. ಮರಳಿನ ಕಣಗಳ ನಡುವಣ ತೆರಪುಗಳಲ್ಲಿ ಅದು ಕುಳಿತು ನೀರಿಂಗುವ ದಾರಿಯನ್ನು ಮುಚ್ಚುತ್ತದೆ. ಅದರೊಳಗಿನ ಸುಣ್ಣವು ನಿಂತ ನೀರನ್ನು ಕ್ಷಾರಯುಕ್ತವಾಗಿಸುತ್ತದೆ. ಬೇಸಗೆಯಲ್ಲಿ ಮರಳಿನಲ್ಲಿ ಒರತೆ ತೋಡುವವರಿಗೆ ಆ ತೆರಪುಗಳೇ ಜಲಭಾಂಡಾರವಷ್ಟೆ!

ಕಟ್ಟಡ ತ್ಯಾಜ್ಯಕ್ಕೆ ಕೇಂದ್ರ ಸರಕಾರವು ಪ್ರತ್ಯೇಕ ನಿಯಮಗಳನ್ನು ರಚಿಸಿದ್ದು 2016ರಲ್ಲಿ. ದಿನಕ್ಕೆ 20 ಟನ್ ಮೀರಿ ಕೆಡಹುವವರಿಗೆ ಅವು ವಿಶೇಷ ಹೊಣೆಗಳನ್ನು ಹೊರಿಸಿದುವು. ಹಳ್ಳಿಯ ಒಂಟಿ ಮನೆ ಆ ಲೆಕ್ಕಕ್ಕೆ ಸಿಗದು. ಆದರೆ ಕೊರಳ್ಳಿ ಜಲಾಶಯದ ಕೆಳಗೆ ಅಮರ್ಜೆಗೆ ಬಿದ್ದ ಪುಡಿ, ಮಳೆಗಾಲದ ಹೊನಲಿನೊಡನೆ, ಯಾತ್ರಿಕರು ಮೀಯುವ ಗಾಣಗಾಪುರದ ಸಂಗಮಕ್ಕೇ ಇಳಿಯಬೇಕು.