ಗೃಹ ಬಳಕೆಯ ಗೀಸರ್‌ಗೆ ಥರ್ಮೋಸ್ಟ್ಯಾಟ್ ಹೊಂದಾಣಿಕೆ ಹಾಗೂ ಟೈಮರ್ ಅಳವಡಿಕೆ: ಗ್ರಾಹಕರಿಗೆ ಮಾಹಿತಿ

ಮನೆಗಳಲ್ಲಿ ಸ್ನಾನದ ನೀರು ಕಾಯಿಸಲು ಬಳಸುವ ವಿದ್ಯುತ್ ಗೀಸರ್ ಹೆಚ್ಚು ವಿದ್ಯುತ್ ಬಳಸುವ ಉಪಕರಣಗಳಲ್ಲಿ ಒಂದಾಗಿದೆ. ಇದಕ್ಕೆ ಸಮಯ ನಿಗದಿಪಡಿಸುವ ಟೈಮರ್ ಅಳವಡಿಸಿ, ಥರ್ಮೋಸ್ಟ್ಯಾಟನ್ನು ಸರಿಯಾದ ಉಷ್ಣಾಂಶಕ್ಕೆ ಹೊಂದಿಸಿದಲ್ಲಿ ಅನಗತ್ಯ ಬಳಕೆಯನ್ನು ತಡೆಯಬಹುದಾಗಿದೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಈ ಮಾಹಿತಿ ವಿಶೇಷವಾಗಿ ಉಪಯುಕ್ತವಾಗಿದೆ. ತಿಂಗಳ ಬಳಕೆಯು ಮನೆಗೆ ನಿಗದಿಯಾದ ಅರ್ಹ ಪ್ರಮಾಣವನ್ನು ಮೀರಿದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಶುಲ್ಕ ಪಾವತಿಸಬೇಕಾಗುತ್ತದೆ. ಬಳಕೆ 200 ಯೂನಿಟ್ ದಾಟಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಆದುದರಿಂದ ಚಳಿಗಾಲದಲ್ಲಿ ಹತ್ತು ಹದಿನೈದು ಯೂನಿಟ್‌ಗಳ ವ್ಯತ್ಯಾಸವೂ ಕೆಲವು ಕುಟುಂಬಗಳಿಗೆ ಮಹತ್ವದ್ದಾಗುತ್ತದೆ.

1. ವಿದ್ಯುತ್ ಎಲ್ಲಿ ವ್ಯರ್ಥವಾಗುತ್ತದೆ?

25 ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1.16 ಯೂನಿಟ್ ವಿದ್ಯುತ್ ಬೇಕಾಗುತ್ತದೆ. 50 ಡಿಗ್ರಿಗೆ ಸುಮಾರು 0.87 ಯೂನಿಟ್ ಸಾಕು. ಸ್ನಾನಕ್ಕೆ ಬಳಸಿದ ನೀರಿನ ಶಾಖ ಉಪಯೋಗವಾದಂತೆಯೇ ಸರಿ. ತೊಟ್ಟಿಯಲ್ಲಿ ಉಳಿದು ತಣ್ಣಗಾಗುವ ನೀರಿನ ಶಾಖವೇ ನಿಜವಾದ ನಷ್ಟ.

ಸ್ವಿಚ್ಚನ್ನು ದಿನವಿಡೀ ಹಾಕಿಟ್ಟಲ್ಲಿ, ನೀರು ತಣ್ಣಗಾದಂತೆಲ್ಲ ಥರ್ಮೋಸ್ಟ್ಯಾಟ್ ಮತ್ತೆ ಮತ್ತೆ ಕಾಯಿಲ್‌ಗೆ ವಿದ್ಯುತ್ ಹರಿಸುತ್ತದೆ. ಗೀಸರ್‌ನ ಸ್ಟಾರ್ ಲೇಬಲ್‌ನಲ್ಲಿ 24 ಗಂಟೆಗಳ ಈ ನಷ್ಟವನ್ನು ನಮೂದಿಸಲಾಗಿರುತ್ತದೆ. ಉದಾಹರಣೆಗೆ, ಲೇಬಲ್‌ನಲ್ಲಿ 0.7 ಯೂನಿಟ್ ಎಂದಿದ್ದು, ನೀರು ಸುತ್ತಲಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿಯಾಗಿಯೇ ಇದ್ದಲ್ಲಿ, 30 ದಿನಗಳಿಗೆ 21 ಯೂನಿಟ್ ನಷ್ಟವಾಗುತ್ತದೆ. ಟೈಮರ್ ಇದರ ಗಣನೀಯ ಭಾಗವನ್ನು ಉಳಿಸುತ್ತದೆ.

2. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

• 2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಟೈಮರ್ 16 ಆಂಪಿಯರ್ ಸಾಮರ್ಥ್ಯದ್ದಾಗಿರತಕ್ಕದ್ದು. 6 ಆಂಪಿಯರ್‌ನ ಪ್ಲಗ್‌ಗಳನ್ನು ಬಳಸಬಾರದು; ಅವು ಬಿಸಿಯಾಗಿ ಸುಟ್ಟುಹೋಗುವ ಸಂಭವವಿದೆ.
• ಗೀಸರ್‌ ಮೇಲೆ ಐಎಸ್‌ಐ ಗುರುತು ಇರುವುದನ್ನು ಖಚಿತಪಡಿಸಿಕೊಳ್ಳಬೇಕು.
• ವಿದ್ಯುತ್ ಕಡಿತವಾದಾಗ ಬ್ಯಾಟರಿ ಇಲ್ಲದ ಟೈಮರ್‌ನ ಗಡಿಯಾರ ನಿಂತುಹೋಗಿ ವೇಳೆ ಹಿಂದೆ ಬೀಳುತ್ತದೆ. ಆದುದರಿಂದ ಬ್ಯಾಟರಿ ಸಹಿತ ಡಿಜಿಟಲ್ ಟೈಮರ್ ಸೂಕ್ತ.

3. ಅಳವಡಿಸುವ ಕ್ರಮ

• ಅಳವಡಿಕೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕೆಲಸಕ್ಕೆ ಮುನ್ನ ಎಂಸಿಬಿಯಲ್ಲಿ ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕು.
• ಟೈಮರನ್ನು ಸ್ನಾನಗೃಹದ ಹೊರಗೆ, ನೀರು ಸಿಡಿಯದ ಜಾಗದಲ್ಲಿ ಅಳವಡಿಸಬೇಕು.
• ಗೀಸರ್‌ನ ಲೈನಿಗೆ ಸರಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಬೇಕು. ವಿದ್ಯುತ್ ಸೋರಿಕೆಯಾದಾಗ ಇದು ಸಂಪರ್ಕವನ್ನು ತಕ್ಷಣ ಕಡಿದು ಪ್ರಾಣಾಪಾಯ ತಪ್ಪಿಸುತ್ತದೆ. ಎಂಸಿಬಿ ಒಂದೇ ಈ ರಕ್ಷಣೆಯನ್ನು ನೀಡುವುದಿಲ್ಲ.
• ಟೈಮರ್ ಇದೆ ಎಂಬ ಕಾರಣಕ್ಕೆ ಥರ್ಮೋಸ್ಟ್ಯಾಟ್, ಉಷ್ಣ ಕಟ್‌ಔಟ್ ಅಥವಾ ಒತ್ತಡ ನಿವಾರಕ ವಾಲ್ವನ್ನು ತೆಗೆಯುವುದಾಗಲಿ, ಮುಚ್ಚುವುದಾಗಲಿ ಸಲ್ಲದು. ಒತ್ತಡ ಹೆಚ್ಚಿ ತೊಟ್ಟಿ ಒಡೆಯುವ ಅಪಾಯವಿರುತ್ತದೆ.

4. ಉಷ್ಣಾಂಶ ಮತ್ತು ಸಮಯದ ಹೊಂದಾಣಿಕೆ

ಥರ್ಮೋಸ್ಟ್ಯಾಟನ್ನು 50ರಿಂದ 60 ಡಿಗ್ರಿಯ ನಡುವೆ ಇಡುವುದು ಸೂಕ್ತ. ಬೆಚ್ಚಗಿನ ನೀರು ತೊಟ್ಟಿಯಲ್ಲಿ ಬಹುಕಾಲ ನಿಂತಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಬೆಳೆಯಬಹುದಾದ್ದರಿಂದ ಇದಕ್ಕಿಂತ ಕಡಿಮೆ ಇಡಬಾರದು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳು ಮತ್ತು ವೃದ್ಧರಿರುವ ಮನೆಗಳಲ್ಲಿ ಬಕೆಟ್‌ಗೆ ಮೊದಲು ತಣ್ಣೀರು ಹಿಡಿದು ನಂತರ ಬಿಸಿನೀರು ಬೆರೆಸಬೇಕು.

2 ಕಿಲೋವ್ಯಾಟ್‌ನ 25 ಲೀಟರ್ ಗೀಸರ್‌ನಲ್ಲಿ ನೀರು 20ರಿಂದ 60 ಡಿಗ್ರಿಗೆ ಕಾಯಲು ಸುಮಾರು 35 ನಿಮಿಷ ಹಿಡಿಯುತ್ತದೆ. ಮೊದಲ ಸ್ನಾನಕ್ಕೆ 40 ನಿಮಿಷ ಮುಂಚೆ ಆರಂಭವಾಗುವಂತೆ, ಕೊನೆಯ ಸ್ನಾನದ ಹೊತ್ತಿಗೆ ನಿಲ್ಲುವಂತೆ ಟೈಮರನ್ನು ಹೊಂದಿಸಬೇಕು.

ಸೌರ ವಾಟರ್ ಹೀಟರ್ ಇರುವ ಮನೆಗಳಲ್ಲಿ ಅದರ ವಿದ್ಯುತ್ ಕಾಯಿಲನ್ನು ನಸುಕಿನಲ್ಲಿ ಮಾತ್ರ, ಅದೂ ಮೋಡ ಕವಿದ ದಿನಗಳ ಮರುದಿನ ಬಳಸುವುದು ಉತ್ತಮ. ಹಗಲಿನಲ್ಲಿ ಕಾಯಿಲ್ ಚಾಲನೆಯಲ್ಲಿದ್ದಲ್ಲಿ, ಬಿಸಿಲು ಮಾಡಬೇಕಾದ ಕೆಲಸಕ್ಕೆ ವಿದ್ಯುತ್ ವ್ಯಯವಾಗುತ್ತದೆ.

ಕೊಳವೆಬಾವಿಯ ಗಡಸು ನೀರು ಬಳಸುವ ಕಡೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿಕೊಳ್ಳುವುದರಿಂದ ಕಾಲಕಾಲಕ್ಕೆ ಸ್ವಚ್ಛಗೊಳಿಸಬೇಕು.

5. ಹೆಚ್ಚುವರಿ ವಿದ್ಯುತ್ ಹೊರೆಗೆ ಅರ್ಜಿ

ಟೈಮರ್ ಅಳವಡಿಸಲು ಇಲಾಖೆಯ ಅನುಮತಿ ಬೇಕಿಲ್ಲ. ಆದರೆ ಹೊಸದಾಗಿ ಗೀಸರ್ ಹಾಕಿಸುವವರು ವಿದ್ಯುತ್ ಬಿಲ್ಲಿನಲ್ಲಿ ನಮೂದಿಸಿರುವ ಮಂಜೂರಾದ ಹೊರೆಯನ್ನು ಪರಿಶೀಲಿಸಿಕೊಳ್ಳಬೇಕು. ಅದು ಸಾಲದಿದ್ದಲ್ಲಿ, ಆರ್.ಆರ್. ಸಂಖ್ಯೆಯನ್ನು ನಮೂದಿಸಿ ತಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಹೆಚ್ಚುವರಿ ಹೊರೆಗಾಗಿ ಅರ್ಜಿ ಸಲ್ಲಿಸತಕ್ಕದ್ದು.

ಗೀಸರ್ ಅಥವಾ ನಲ್ಲಿ ಮುಟ್ಟಿದಾಗ ಜುಮ್ಮೆನಿಸಿದಲ್ಲಿ ಕೂಡಲೇ ಮುಖ್ಯ ಸ್ವಿಚ್ ಆರಿಸಿ, ದುರಸ್ತಿಯಾಗುವವರೆಗೆ ಗೀಸರ್ ಬಳಸಬಾರದು. ವಿದ್ಯುತ್ ಸರಬರಾಜಿಗೆ ಸಂಬಂಧಿಸಿದ ದೂರುಗಳಿಗೆ 1912 ಸಹಾಯವಾಣಿಯನ್ನು ಸಂಪರ್ಕಿಸಬಹುದಾಗಿದೆ.