ಬಸುರಿಯ ಉಡುಪೂ ಕೂಸಿನ ಬಟ್ಟೆಯೂ ಮನೆಯಲ್ಲಿಯೇ ಸಿದ್ಧವಾಗಲಿ

ಮುಂಗಾರಿಗೆ ಮುಂಚೆ ನೇಗಿಲು, ಕುಂಟೆ, ಕೂರಿಗೆಗಳನ್ನು ದುರಸ್ತು ಮಾಡಿಸಿ, ಬಿತ್ತನೆಯ ಬೀಜವನ್ನು ಹಸನುಮಾಡಿ, ಹಗ್ಗ ಮಿಣಿಗಳನ್ನು ಹೊಸೆದಿಟ್ಟುಕೊಳ್ಳದ ಒಕ್ಕಲಿಗನನ್ನು ಯಾರೂ ಜಾಣನೆಂದು ಕರೆಯರು. ಮಳೆ ಬಿದ್ದ ದಿನ ಸಾಮಾನು ಹುಡುಕಹೊರಟವನಿಗೆ ನೆಲದ ಹದವು ಕಾಯುವುದಿಲ್ಲ. ಆದರೆ ಇಷ್ಟು ಮುಂದಾಲೋಚನೆಯುಳ್ಳ ಮನೆಗಳಲ್ಲಿಯೂ ಸೊಸೆಯು ಹೆರಿಗೆಗೆ ಹೊರಡುವ ಹೊತ್ತಿನಲ್ಲಿ ಶುಭ್ರವಾದ ಎರಡು ಬಟ್ಟೆಗಳಿಗಾಗಿ ಪೆಟ್ಟಿಗೆಗಳನ್ನೆಲ್ಲಾ ತಡಕಾಡುವುದುಂಟು. ಕೈಗೆ ಸಿಕ್ಕಿದ್ದು ಯಾವುದು, ಅದು ಎಲ್ಲಿ ಬಿದ್ದಿತ್ತು, ಅದನ್ನು ಉಟ್ಟವರು ಯಾವ ಕೆಲಸ ಮಾಡಿದ್ದರು ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ವಿಚಾರಿಸುವುದಿಲ್ಲ. ಈ ಒಂದು ಅಲಕ್ಷ್ಯದಿಂದ ಕೂಸಿನ ಪ್ರಾಣಕ್ಕೇ ಅಪಾಯ ಬರಬಹುದಾದುದರಿಂದ, ಇದು ಹೆಂಗಸರ ಕೆಲಸವೆಂದು ಮನೆಯ ಯಜಮಾನರು ಸುಮ್ಮನಿರತಕ್ಕದ್ದಲ್ಲ.

ಗರ್ಭಿಣಿಗೆ ಬಟ್ಟೆ ಕೊಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಮಂಗಳಕಾರ್ಯಕ್ಕೆ ‘ಕುಬಸ’ವೆಂದೇ ಹೆಸರು; ಅದು ಕುಪ್ಪಸದಿಂದ ಬಂದ ಹೆಸರು. ಹಸುರು ಸೀರೆ, ಹಸುರು ಕುಬಸ, ಹಸುರು ಬಳೆಗಳನ್ನು ಕೊಟ್ಟು, ಉಡಿ ತುಂಬಿ, ಆಕೆಯನ್ನು ಹರಸುವುದು ಪದ್ಧತಿ. ದಕ್ಷಿಣದ ಸೀಮೆಯಲ್ಲಿ ಇದೇ ಕಾರ್ಯವು ಸೀಮಂತವೆಂದೂ ಬಳೆ ತೊಡಿಸುವ ಶಾಸ್ತ್ರವೆಂದೂ ನಡೆಯುವುದು. ಹಿರಿಯರು ಉಡುಪನ್ನೇ ಹರಕೆಯ ಕಾಣಿಕೆಯಾಗಿ ಆರಿಸಿದುದು ವಿಚಾರಾರ್ಹವಾದ ಸಂಗತಿ. ಆ ದಿನ ಜರತಾರಿಯ ಸೀರೆಯ ಜೊತೆಗೆ ಸಡಿಲವಾದ ಎರಡು ಅರಳೆಯ ಕುಪ್ಪಸಗಳನ್ನೂ ಕೊಡುವುದಾದರೆ ಶಾಸ್ತ್ರಕ್ಕೆ ಯಾವ ಲೋಪವೂ ಬಾರದು. ಬಸುರಿಗೆ ಮಾತ್ರ ದಿನನಿತ್ಯದ ಉಪಕಾರವಾಗುವುದು.

೧. ಬಸುರಿಯ ಉಡುಪು

ಸೀರೆಯು ಮೈ ಬೆಳೆದಂತೆ ತಾನೂ ಸಡಿಲಗೊಳ್ಳತಕ್ಕ ಉಡುಪು. ಅದಕ್ಕಾಗಿ ಹೊಸ ಖರ್ಚು ಬೇಡ. ತೊಂದರೆ ಕೊಡುವುವು ಎರಡೇ: ಒಳಲಂಗದ ಲಾಡಿ ಮತ್ತು ಬಿಗಿಯಾದ ರವಿಕೆ. ತೆಳುವಾದ ಲಾಡಿಯನ್ನು ಹೊಟ್ಟೆಯ ಮೇಲೆ ಬಿಗಿದು ಕಟ್ಟುವುದರಿಂದ ಚರ್ಮವು ಕೊರೆದು ನೋವಾಗುವುದು. ಲಾಡಿಗೆ ಬದಲಾಗಿ ಎರಡು ಅಂಗುಲ ಅಗಲದ ಮೆತ್ತನೆಯ ಪಟ್ಟಿಯನ್ನು ಹೊಲಿದು, ಅದನ್ನು ಹೊಟ್ಟೆಯ ಉಬ್ಬಿನ ಕೆಳಗೆ ಹಗುರವಾಗಿ ಕಟ್ಟಿಕೊಳ್ಳತಕ್ಕದ್ದು. ಹಳೆಯ ರವಿಕೆಯ ಪಕ್ಕದ ಹೊಲಿಗೆಗಳನ್ನು ಬಿಚ್ಚಿ, ಕಂಕುಳಿನಿಂದ ಕೆಳಗಿನವರೆಗೆ ಮೂರು ಅಂಗುಲ ಅಗಲದ ತುಂಡನ್ನು ಎರಡು ಕಡೆಗೂ ಸೇರಿಸಿದರೆ ಅದು ಹೆರಿಗೆಯವರೆಗೂ ನಡೆಯುವುದು. ಹೆರಿಗೆಯ ತರುವಾಯ ಆ ಹೊಲಿಗೆಯನ್ನು ಒಳಕ್ಕೆ ಹಿಡಿದುಕೊಳ್ಳಬಹುದು.

ರವಿಕೆಯು ಮುಂದುಗಡೆ ತೆರೆಯುವಂತಿರಬೇಕು. ಗುಳೇದಗುಡ್ಡದ ಖಣದಿಂದ ಹೊಲಿಯುವ ಹಳೆಯ ಕಾಲದ ಕುಪ್ಪಸದಲ್ಲಿ ಎರಡು ಸೆರಗುಗಳನ್ನು ಎದೆಯ ಕೆಳಗೆ ಗಂಟುಹಾಕುವ ಕ್ರಮವಿದ್ದಿತು. ಮೈ ತುಂಬಿದಂತೆ ಗಂಟನ್ನು ಸಡಿಲಿಸಬಹುದು; ಕೂಸಿಗೆ ಹಾಲುಣಿಸುವಾಗ ಬಿಚ್ಚುವುದೂ ಸುಲಭ. ಬೆನ್ನಿನ ಕಡೆ ಗುಂಡಿಯಿರುವ ಈಚಿನ ರವಿಕೆಗಳಿಗಿಂತ ಅಜ್ಜಿಯರ ಈ ಕುಪ್ಪಸವೇ ಬಾಣಂತಿಗೆ ಮೇಲಾದುದು.

೨. ಕೂಸಿಗೆ ಬಟ್ಟೆ ಏಕೆ ಇಷ್ಟು ಮುಖ್ಯ

ಆಗತಾನೆ ಹುಟ್ಟಿದ ಕೂಸಿನ ಮೈ ಒದ್ದೆಯಾಗಿರುವುದರಿಂದ ಮೈಶಾಖವು ಬಹು ಬೇಗ ಇಳಿದುಹೋಗುವುದು. ಅದರ ಮೈಶಾಖವು ೩೬.೫ ರಿಂದ ೩೭.೫ ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಅದಕ್ಕಿಂತ ಕೆಳಗೆ ಇಳಿದರೆ ಕೂಸು ಹಾಲನ್ನು ಸರಿಯಾಗಿ ಕುಡಿಯದೆ ಮಂಕಾಗುವುದು, ಪ್ರಾಣಾಪಾಯವೂ ಉಂಟು. ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕದ ಕೂಸುಗಳಿಗೆ ಈ ಅಪಾಯವು ಇನ್ನೂ ಹೆಚ್ಚು. ಆದುದರಿಂದ ಹುಟ್ಟಿದ ಕೂಡಲೆ ಒಂದು ಒಣಬಟ್ಟೆಯಿಂದ ಮೈಯನ್ನು ಒರಸಿ, ಒದ್ದೆಯಾದ ಆ ಬಟ್ಟೆಯನ್ನು ತೆಗೆದುಹಾಕಿ, ಕೂಸನ್ನು ತಾಯಿಯ ಎದೆಗೆ ಮೈತಾಗುವಂತೆ ಮಲಗಿಸಿ, ಮತ್ತೊಂದು ಒಣಬಟ್ಟೆಯನ್ನು ಹೊದಿಸಿ, ತಲೆಗೆ ಕುಲಾವಿಯನ್ನು ಹಾಕಬೇಕೆಂದು ವೈದ್ಯರು ವಿಧಿಸುತ್ತಾರೆ. ಮೊದಲನೆಯ ಸ್ನಾನವನ್ನು ಒಂದು ದಿನವಾದರೂ ತಡೆಯುವುದು ಒಳ್ಳೆಯದು.

ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ ೧೯೭೮ರಲ್ಲಿ, ತೂಕ ಕಡಮೆಯಾದ ಕೂಸುಗಳನ್ನು ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಪದ್ಧತಿಯನ್ನು ಆರಂಭಿಸಿದರು. ಈಗ ಅದು ಲೋಕದ ಆಸ್ಪತ್ರೆಗಳಲ್ಲೆಲ್ಲಾ ಮಾನ್ಯವಾಗಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಅದನ್ನು ಅಭ್ಯಾಸಕ್ಕೆ ತಂದುದುಂಟು. ಇದಕ್ಕೆ ಯಾವ ಯಂತ್ರವೂ ಬೇಡ. ಮುಂದೆ ತೆರೆಯುವ ಕುಪ್ಪಸ, ಕಟ್ಟಲು ಒಂದು ಮೆತ್ತನೆಯ ಬಟ್ಟೆ, ಕೂಸಿಗೆ ಒಂದು ಕುಲಾವಿ ಮತ್ತು ಒಂದು ಲಂಗೋಟಿ, ಇಷ್ಟಿದ್ದರೆ ಸಾಕು.

೩. ಹಳೆಯ ಸೀರೆಯ ಲೆಕ್ಕ

ಕೂಸು ಹುಟ್ಟುವುದಕ್ಕೆ ಮುಂಚೆ ಅದಕ್ಕೆ ಹೊಸ ಬಟ್ಟೆ ತರಬಾರದೆಂಬ ನಂಬಿಕೆಯು ಅನೇಕ ಮನೆಗಳಲ್ಲಿ ಬಲವಾಗಿದೆ. ಹಿರಿಯರೊಡನೆ ಇದಕ್ಕಾಗಿ ವಾದಿಸಬೇಕಾದ ಕಾರಣವಿಲ್ಲ. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಅರಳೆಯ ಸೀರೆಗಿಂತ ಕೂಸಿನ ಎಳೆಯ ಚರ್ಮಕ್ಕೆ ಒಪ್ಪುವ ಬಟ್ಟೆಯು ಬೇರೊಂದಿಲ್ಲ; ಹೊಸ ಬಟ್ಟೆಯಲ್ಲಿರುವ ಗಂಜಿಯೂ ಕಚ್ಚಾ ಬಣ್ಣವೂ ಅದರಲ್ಲಿ ಉಳಿದಿರುವುದಿಲ್ಲ. ಅಜ್ಜಿಯ ಸೀರೆಯನ್ನು ಕತ್ತರಿಸಿ ಹೊಲಿದರೆ ಅದು ‘ಹೊಸ ಬಟ್ಟೆ’ಯೂ ಆಗದು. ನಾರುಮಡಿಯಂತೆ ಹೊಳೆಯುವ ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಬೆವರನ್ನು ಹೀರುವುದಿಲ್ಲ. ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುವುವು. ಬಾಣಂತಿಯ ಕೋಣೆಯಲ್ಲಿ ಕೆಂಡವನ್ನಿಟ್ಟು ಸಾಂಬ್ರಾಣಿಯ ಹೊಗೆ ಹಾಕುವ ಮನೆಗಳಲ್ಲಿ ಇವನ್ನು ಕೂಸಿಗೆ ತೊಡಿಸಲೇಬಾರದು.

೧೨ ಮೊಳ ಉದ್ದ, ಎರಡೂವರೆ ಮೊಳ ಅಗಲವಿರುವ ಒಂದು ಸೀರೆಯನ್ನು ಈ ರೀತಿ ಭಾಗಿಸಬಹುದು:

(ಅ) ಏಳೂವರೆ ಮೊಳ ಉದ್ದದಿಂದ ಎರಡೂವರೆ ಗೇಣು ಚೌಕದ ೧೨ ಲಂಗೋಟಿಗಳು.

(ಆ) ಎರಡೂವರೆ ಮೊಳದಿಂದ ಚೌಕವಾದ ಒಂದು ಹೊದಿಕೆ.

(ಇ) ಉಳಿದ ೨ ಮೊಳದಿಂದ ಎರಡು ಅಂಗಿ, ಎರಡು ಕುಲಾವಿ ಮತ್ತು ಕಟ್ಟುವ ಪಟ್ಟಿಗಳು.

ಹೀಗೆ ಎರಡು ಸೀರೆಗಳಿಂದ ೨೪ ಲಂಗೋಟಿ, ೨ ಹೊದಿಕೆ, ೪ ಅಂಗಿ, ೪ ಕುಲಾವಿಗಳಾಗುವುವು. ಬಯಲುಸೀಮೆಯಲ್ಲಿ ಮೊದಲ ತಿಂಗಳಿಗೆ ಇಷ್ಟು ಸಾಕು. ಮಲೆನಾಡಿನಲ್ಲಿ ಮಳೆಗಾಲದ ಕೂಸಿಗೆ ಬಟ್ಟೆ ಒಣಗುವುದು ತಡವಾಗುವುದರಿಂದ ಮತ್ತೊಂದು ಸೀರೆಯನ್ನು ಸೇರಿಸಿಕೊಳ್ಳತಕ್ಕದ್ದು. ಸೀರೆಯ ಹರಿದ ಭಾಗವನ್ನು ಎಸೆಯದೆ, ತುಂಡುಗಳನ್ನು ಒಂದರ ಮೇಲೊಂದು ಹರಡಿ ಓಟದ ಹೊಲಿಗೆ ಹಾಕಿದರೆ ತೊಟ್ಟಿಲಿಗೆ ಸಣ್ಣ ಕೌದಿಯಾಗುವುದು. ಒಂದು ಹಳೆಯ ಪಂಚೆಯನ್ನು ಎರಡು ಭಾಗ ಮಾಡಿ, ಹುಟ್ಟಿದ ಕೂಸನ್ನು ಒರಸುವುದಕ್ಕೆಂದು ಬೇರೆಯಾಗಿ ಮಡಿಸಿಡಬೇಕು.

೪. ಅಂಗಿ ಮತ್ತು ಕುಲಾವಿಯ ಹೊಲಿಗೆ

ಅಂಗಿಗೆ ೨೪ ಅಂಗುಲ ಉದ್ದ, ೧೮ ಅಂಗುಲ ಅಗಲದ ತುಂಡನ್ನು ತೆಗೆದುಕೊಂಡು, ಉದ್ದವು ೧೨ ಅಂಗುಲವಾಗುವಂತೆ ಅಡ್ಡಕ್ಕೆ ಮಡಿಸಬೇಕು. ಮಡಿಕೆಯೇ ಹೆಗಲು. ಮಡಿಕೆಯಿಂದ ೫ ಅಂಗುಲ ಬಿಟ್ಟು, ಅದರ ಕೆಳಗೆ ಎರಡು ಪಕ್ಕಗಳಲ್ಲಿಯೂ ೪ ಅಂಗುಲ ಅಗಲ, ೭ ಅಂಗುಲ ಉದ್ದದ ತುಂಡುಗಳನ್ನು ಕತ್ತರಿಸಿ ತೆಗೆದರೆ, ನಡುವೆ ೧೦ ಅಂಗುಲ ಅಗಲದ ಒಡಲೂ ಎರಡು ಕಡೆ ೪ ಅಂಗುಲದ ತೋಳುಗಳೂ ಉಳಿಯುವುವು. ಮಡಿಕೆಯ ನಡುವೆ ೪ ಅಂಗುಲ ಅಗಲಕ್ಕೆ ಕತ್ತನ್ನು ಕೊರೆದು, ಮುಂಭಾಗವನ್ನು ಕತ್ತಿನಿಂದ ಅಂಚಿನವರೆಗೆ ನೇರವಾಗಿ ಸೀಳಬೇಕು. ಹೀಗಿದ್ದರೆ ಅಂಗಿಯನ್ನು ತಲೆಯ ಮೇಲಿನಿಂದ ತೂರಿಸಬೇಕಾಗುವುದಿಲ್ಲ. ಹೊಲಿಗೆಯ ಮಡಿಕೆಗಳು ಹೊರಮೈಗೆ ಬರಲಿ. ಒಳಗಿದ್ದರೆ ಕೂಸಿನ ಚರ್ಮವನ್ನು ಉಜ್ಜುವುವು. ಗುಂಡಿ, ಮಣಿ, ಗೆಜ್ಜೆ, ಸೂಜಿಪಿನ್ನುಗಳನ್ನು ಹಾಕಕೂಡದು. ಅರ್ಧ ಗೇಣಿಗಿಂತ ಉದ್ದವಲ್ಲದ ಬಟ್ಟೆಯ ಕಟ್ಟುಗಳು ಸಾಕು. ಉದ್ದವಾದ ದಾರವು ಕತ್ತಿಗೆ ಸುತ್ತಿಕೊಳ್ಳಬಹುದು.

ಕುಲಾವಿಗೆ ೧೫ ಅಂಗುಲ ಉದ್ದ, ೭ ಅಂಗುಲ ಅಗಲದ ಪಟ್ಟಿಯನ್ನು ನಡುವೆ ಮಡಿಸಿ, ಹಿಂಭಾಗವನ್ನು ಕೂಡಿಸಿ ಹೊಲಿದು, ಮುಖದ ಕಡೆಯ ಅಂಚನ್ನು ಮಡಿಚಬೇಕು. ಧಾರವಾಡದ ಕಡೆ ಕುಲಾವಿಗೂ ಕುಂಚಿಗೆಗೂ ಕಸೂತಿ ಹಾಕುವ ವಾಡಿಕೆಯುಂಟು. ಅದು ಚೆಲುವಾದುದೇ ಸರಿ. ಆದರೆ ಕಸೂತಿಯ ಒಳಮೈಗೆ ಮೆತ್ತನೆಯ ಅಸ್ತರನ್ನು ಕೊಡಬೇಕು. ಹೊದಿಕೆಯಲ್ಲಿ ಕೂಸನ್ನು ಸುತ್ತುವಾಗ ಮುಖವನ್ನು ಮುಚ್ಚಬಾರದು; ಕಾಲುಗಳನ್ನು ನೀಟಾಗಿ ಎಳೆದು ಬಿಗಿಯಲೂಬಾರದು. ಕಾಲುಗಳು ಮಡಿಸಿ ಆಡುವಂತಿಲ್ಲದಿದ್ದರೆ ಸೊಂಟದ ಕೀಲಿಗೆ ತೊಂದರೆಯಾಗುವುದು. ಲಂಗೋಟಿಯನ್ನು ಹೊಕ್ಕಳುಬಳ್ಳಿಯ ಕೆಳಗೆ ಕಟ್ಟಬೇಕು. ಹೊಕ್ಕಳಿಗೆ ಸಗಣಿ, ಬೂದಿ, ಎಣ್ಣೆಗಳನ್ನು ಹಚ್ಚದೆ ಒಣಗಿರಿಸುವುದೇ ಕ್ರಮ. ಕೂಸುಗಳ ಧನುರ್ವಾಯುವನ್ನು ಭಾರತವು ಹತೋಟಿಗೆ ತಂದಿತೆಂದು ೨೦೧೫ರಲ್ಲಿ ಪ್ರಮಾಣಿತವಾಯಿತು. ತಾಯಂದಿರಿಗೆ ಹಾಕುವ ಚುಚ್ಚುಮದ್ದು ಮತ್ತು ಹೆರಿಗೆಯ ಕಾಲದ ಶುಚಿತ್ವ, ಇವೆರಡರಿಂದ ಸಾಧಿಸಿದ ಈ ಲಾಭವನ್ನು ಹೊಲಸು ಬಟ್ಟೆಯಿಂದ ಕಳೆದುಕೊಳ್ಳತಕ್ಕದ್ದಲ್ಲ.

ಹೊಲಿಗೆಯ ಕೆಲಸಕ್ಕೆ ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳವರೆಗಿನ ಕಾಲವು ಅನುಕೂಲವಾದುದು. ಹಗಲು ಬೆಳಕಿನಲ್ಲಿ, ಬೆನ್ನಿಗೆ ಆಸರೆ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡುತ್ತಾ ಹೊಲಿಯಬೇಕು. ಸಿದ್ಧವಾದ ಬಟ್ಟೆಗಳನ್ನು ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಶುಭ್ರವಾದ ಚೀಲದಲ್ಲಿ ಕಟ್ಟಿಡತಕ್ಕದ್ದು. ಅದರೊಳಗೆ ನುಸಿಗುಳಿಗೆಗಳನ್ನು ಹಾಕಲೇಬಾರದು; ಅವುಗಳ ಹಬೆಯಿಂದ ಕೆಲವು ಕೂಸುಗಳ ರಕ್ತವು ಕೆಟ್ಟು ಕಾಮಾಲೆಯಾಗುವುದುಂಟು. ಒಣಗಿದ ಬೇವಿನ ಎಲೆಗಳನ್ನು ಇಟ್ಟು, ತೊಡಿಸುವ ಮುಂಚೆ ಕೊಡವಿದರೆ ಸಾಕು.

೫. ಹೊಲದ ವಿಷವು ತೊಟ್ಟಿಲಿಗೆ ಬಾರದಿರಲಿ

ಜಮೀನುದಾರರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಹತ್ತಿ, ಮೆಣಸಿನಕಾಯಿ, ದ್ರಾಕ್ಷಿ ಮುಂತಾದ ಬೆಳೆಗಳಿಗೆ ಕೀಟನಾಶಕವನ್ನು ಸಿಂಪಡಿಸುವಾಗ ತೊಟ್ಟ ಬಟ್ಟೆಗಳಲ್ಲಿ ವಿಷವು ಸೇರಿಕೊಂಡಿರುವುದು. ಅಂಥ ಪಂಚೆಯು ಹಳೆಯದಾದ ಮೇಲೆ ಮೆತ್ತಗಿದೆಯೆಂದು ಲಂಗೋಟಿಗೆ ಹರಿಯುವುದು ಮಹಾಪ್ರಮಾದ. ಕೂಸಿನ ಚರ್ಮವು ತೆಳುವು. ಒದ್ದೆ ಬಟ್ಟೆಯಿಂದ ವಿಷವು ಸುಲಭವಾಗಿ ಮೈಗೆ ಇಳಿಯುವುದು. ಗೊಬ್ಬರದ ಚೀಲ, ಔಷಧ ಹಚ್ಚಿದ ಬೀಜದ ಚೀಲ, ಸಿಂಪಡಿಸುವ ಪಂಪನ್ನು ಒರಸಿದ ಅರಿವೆ, ಇವು ಎಷ್ಟು ಸಲ ಒಗೆದರೂ ತೊಟ್ಟಿಲಿಗೆ ಅರ್ಹವಲ್ಲ. ಸಿಂಪಡಿಸುವ ಕೆಲಸಕ್ಕೆ ಗುರುತುಮಾಡಿದ ಒಂದು ಜೊತೆ ಬಟ್ಟೆಯನ್ನೇ ಪ್ರತ್ಯೇಕವಾಗಿಡಬೇಕು. ಅದನ್ನು ಮನೆಯ ಬಟ್ಟೆಗಳೊಡನೆ ಒಂದೇ ಬಾನಿಯಲ್ಲಿ ನೆನೆಹಾಕಬಾರದು. ಬಸುರಿಯ ಕೈಯಿಂದ ಒಗೆಯಿಸಲೂಬಾರದು. ಬಸುರಿಯನ್ನು ಸಿಂಪಡಿಸುವ ಕೆಲಸಕ್ಕಾಗಲಿ, ಆಗತಾನೆ ಔಷಧ ಹೊಡೆದ ಹೊಲದಲ್ಲಿ ಕಳೆ ತೆಗೆಯುವುದಕ್ಕಾಗಲಿ ಕಳುಹಿಸತಕ್ಕದ್ದಲ್ಲ.

೬. ಗ್ರಾಮಮುಖಂಡರು ಮಾಡಬಹುದಾದುದು

ಮೇಲ್ಕಂಡ ಕೆಲಸಕ್ಕೆ ಹಣಕ್ಕಿಂತ ಹೆಚ್ಚಾಗಿ ಬಿಡುವು ಬೇಕು. ಅನುಕೂಲಸ್ಥರ ಮನೆಯ ಸೊಸೆಗೆ ತವರಿನಲ್ಲಿ ಬಿಡುವು ದೊರೆಯುವುದು. ಕೂಲಿಯ ಹೆಣ್ಣುಮಗಳಿಗೆ ಹೊಲದ ಯಜಮಾನನು ಕೊಟ್ಟರೆ ಮಾತ್ರ ಬಿಡುವು. ಅವಳ ಮನೆಯಲ್ಲಿ ಕತ್ತರಿಸಲು ಎರಡು ಹಳೆಯ ಸೀರೆಗಳು ಇರುವುದೂ ಅಪರೂಪ. ತನ್ನ ಹೊಲದಲ್ಲಿ ದುಡಿಯುವ ಬಸುರಿಗೆ ಏಳನೆಯ ತಿಂಗಳಿನಿಂದ ಕುಳಿತು ಮಾಡುವ ಹಗುರವಾದ ಕೆಲಸವನ್ನು ಅದೇ ಕೂಲಿಗೆ ಕೊಟ್ಟು, ಮನೆಯಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಎರಡು ಶುಭ್ರವಾದ ಅರಳೆಯ ಸೀರೆಗಳನ್ನು ಒಗೆದು ಕೊಡುವುದರಿಂದ ಜಮೀನುದಾರನಿಗೆ ಆಗುವ ನಷ್ಟವು ಅತ್ಯಲ್ಪ. ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಹೊಲಿಗೆಯಂತ್ರವಿದ್ದರೆ, ವಾರಕ್ಕೊಂದು ಮಧ್ಯಾಹ್ನವನ್ನು ಬಸುರಿಯರ ಹೊಲಿಗೆಗೆ ಮೀಸಲಿಡುವಂತೆ ಏರ್ಪಡಿಸಬಹುದು. ಅಂಗನವಾಡಿಗೆ ಬರುವ ಗರ್ಭಿಣಿಯರು ಅಲ್ಲಿಯೇ ಇದನ್ನು ಕಲಿತುಕೊಳ್ಳಬಹುದು.

ಸರ್ಕಾರದ ಸಹಾಯವೂ ಆಗಾಗ್ಗೆ ಒದಗಿದೆ. ೨೦೦೭ರಲ್ಲಿ ಆರಂಭವಾದ ‘ಮಡಿಲು’ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆತ್ತ ಬಡ ತಾಯಂದಿರಿಗೆ ಬಟ್ಟೆ, ಹೊದಿಕೆ, ಸೊಳ್ಳೆಪರದೆ ಮೊದಲಾದುವನ್ನು ಒಂದು ಚೀಲದಲ್ಲಿ ಕೊಡಲಾಗುತ್ತಿತ್ತು. ೨೦೧೭ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಮೊದಲನೆಯ ಮಗುವಿನ ತಾಯಿಗೆ ೫,೦೦೦ ರೂಪಾಯಿಗಳನ್ನು ಕಂತುಗಳಲ್ಲಿ ಕೊಡತಕ್ಕದ್ದು. ಇವೆಲ್ಲವೂ ಸ್ವಾಗತಾರ್ಹವಾದುವೇ. ಆದರೆ ಚೀಲವು ಹೆರಿಗೆಯಾದ ಮೇಲೆ ಬರುವುದು, ಕಂತು ತಡವಾಗಬಹುದು; ಕೂಸು ಯಾವುದಕ್ಕೂ ಕಾಯದು. ಹುಟ್ಟಿದ ಮೊದಲನೆಯ ಗಳಿಗೆಯಲ್ಲಿ ಅದನ್ನು ಒರಸಿ ಹೊದಿಸುವ ಎರಡು ಬಟ್ಟೆಗಳು ಮನೆಯಿಂದಲೇ ಹೋಗಬೇಕು.

ಬೀಜವನ್ನು ಬೂದಿಯಲ್ಲಿ ಬೆರೆಸಿ, ಮಡಕೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕಾಪಾಡುವುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಮುಂಬರುವ ಬೆಳೆಗಾಗಿ ವಹಿಸುವ ಆ ಎಚ್ಚರಿಕೆಯನ್ನೇ ಮುಂಬರುವ ಕೂಸಿಗಾಗಿಯೂ ವಹಿಸಿ, ಈ ಸಲ ಕುಬಸದ ಅಥವಾ ಸೀಮಂತದ ಕಾರ್ಯ ಮುಗಿದ ಮರುದಿನವೇ ಎರಡು ಹಳೆಯ ಸೀರೆಗಳನ್ನು ಪೆಟ್ಟಿಗೆಯಿಂದ ಹೊರಕ್ಕೆ ತೆಗೆಯಿಸತಕ್ಕದ್ದು. ತನ್ನ ಮನೆಗೆ ಒಂದು ಗಂಟು, ತನ್ನ ಹೊಲದಲ್ಲಿ ದುಡಿಯುವವಳ ಮನೆಗೆ ಒಂದು ಗಂಟು ಎಂದು ಪ್ರತಿಯೊಬ್ಬ ಜಮೀನುದಾರನೂ ಲೆಕ್ಕವಿಟ್ಟುಕೊಂಡರೆ, ಊರಿನಲ್ಲಿ ಹುಟ್ಟುವ ಯಾವ ಕೂಸೂ ಚಳಿಯಲ್ಲಿ ಬರಿಮೈಯಿಂದ ಇರಬೇಕಾಗುವುದಿಲ್ಲ.