ಫ್ಯಾಮಿಲಿ ರೂಮಿನ ಪರದೆ ಸರಿದ ಮೇಲೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಗಾಂಧಿಬಜಾರಿಗೆ ಹೋದವರಿಗೆ ವಿದ್ಯಾರ್ಥಿ ಭವನ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಫುಟ್‌ಪಾತಿನ ಮೇಲೆ ನಿಂತ ಗುಂಪೇ ಬೋರ್ಡು. ಹೆಸರು ಬರೆಸಿ ಕಾಯುತ್ತಿರುವ ಅಪ್ಪ, ಹಸಿವೆಂದು ಪಂಚೆ ಎಳೆಯುವ ಮೊಮ್ಮಗ, ‘ಮನೇಲೇ ದೋಸೆ ಹಾಕಿದ್ರೆ ಇಷ್ಟೊತ್ತಿಗೆ ತಿಂದು ಮುಗೀತಿತ್ತು’ ಎನ್ನುತ್ತಲೇ ಒಳಗೆ ಇಣುಕಿ ನೋಡುವ ಅಜ್ಜಿ. ಒಳಗೆ ಪಂಚೆ ಉಟ್ಟ ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಟೇಬಲ್‌ಗಳ ನಡುವೆ ನುಸುಳಿ ಬರುತ್ತಾನೆ. ಎದುರಿಗೆ ಕೂತವರು ನಿಮ್ಮ ಮನೆಯವರೇ ಆಗಿರಬೇಕೆಂದಿಲ್ಲ. ಖಾಲಿ ಕುರ್ಚಿ ಇದ್ದರೆ ಯಾರಾದರೂ ಬಂದು ಕೂರುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ. ಗೋಡೆಯ ಮೇಲಿನ ಚಿತ್ರಗಳಿಂದ ಕನ್ನಡದ ಹಿರಿಯರು ಇದನ್ನೆಲ್ಲ ನೋಡುತ್ತಿರುತ್ತಾರೆ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ.

ಮೂರು ತಲೆಮಾರು ಒಂದೇ ಟೇಬಲ್ಲಿಗೆ ಕೂತು ತಿನ್ನುವ ಈ ನೋಟ ಈಗ ಎಷ್ಟು ಸಹಜವಾಗಿದೆಯೆಂದರೆ, ನಮ್ಮ ಹೋಟೆಲುಗಳು ಹುಟ್ಟಿದ್ದು ಕುಟುಂಬಗಳಿಗಾಗಿ ಅಲ್ಲ ಎಂಬುದೇ ಮರೆತುಹೋಗಿದೆ. 1943ರಲ್ಲಿ ವೆಂಕಟರಮಣ ಉರಾಳರು ವಿದ್ಯಾರ್ಥಿ ಭವನ ಶುರುಮಾಡಿದಾಗ ಅವರ ಗಿರಾಕಿಗಳು ಸುತ್ತಮುತ್ತಲ ಶಾಲೆ ಕಾಲೇಜಿನ ಹುಡುಗರು. 1970ರಲ್ಲಿ ಹೋಟೆಲ್ ರಾಮಕೃಷ್ಣ ಅಡಿಗರ ಕೈಗೆ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಮುಂಬೈಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಕಟ್ಟಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಹೆಸರಿನಲ್ಲಿರುವ ‘ಬೋರ್ಡಿಂಗ್’ ಕೂಡ ಅದೇ ಕತೆ ಹೇಳುತ್ತದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕೆಲಸ ಹುಡುಕಿಕೊಂಡು ಬಂದ ಗಂಡಸಿಗೆ ಎರಡು ಹೊತ್ತು ಅನ್ನ, ಸಾರು, ಮಜ್ಜಿಗೆ. ಅವನಿಗೆ ಹೋಟೆಲ್ ಮೋಜಿನ ಜಾಗವಾಗಿರಲಿಲ್ಲ, ಅಡುಗೆಮನೆಯ ಬದಲಿಯಾಗಿತ್ತು.

ಮನೆಯಲ್ಲಿದ್ದ ಹೆಂಗಸರಿಗೆ ಹೋಟೆಲ್ ತಲುಪುತ್ತಿದ್ದದ್ದು ಪೊಟ್ಟಣದ ರೂಪದಲ್ಲಿ. ಬಾಳೆಎಲೆ, ಅದರ ಮೇಲೆ ಹಳೇ ಪೇಪರು, ಅದಕ್ಕೊಂದು ದಾರ. ಬಿಚ್ಚುವ ಹೊತ್ತಿಗೆ ಮಸಾಲೆ ದೋಸೆ ಮೆತ್ತಗಾಗಿ, ಎಲೆಯ ವಾಸನೆ ಹತ್ತಿ, ಬೇರೆಯದೇ ತಿಂಡಿಯಾಗಿರುತ್ತಿತ್ತು. ಅದೇ ರುಚಿ ಎನ್ನುವವರು ಇಂದಿಗೂ ಇದ್ದಾರೆ.

ಮಡಿ ಮೈಲಿಗೆಯ ಲೆಕ್ಕವೂ ಇತ್ತು. 1924ರಲ್ಲಿ ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದ ಅಂಗಡಿಯ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಅದೇ ಮುಂದೆ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಅಂದಿನ ಹೋಟೆಲಿನ ಬೋರ್ಡಿನ ಮೇಲೆ ಜಾತಿ ಬರೆಯುವುದು ವ್ಯಾಪಾರದ ಜಾಣತನ. ಅಡುಗೆ ಯಾರ ಕೈಯದ್ದು ಎಂದು ಗಿರಾಕಿ ನೋಡುತ್ತಿದ್ದ ಕಾಲ ಅದು. ಯಾರ ಪಕ್ಕ ಯಾರು ಕೂರಬೇಕು, ಯಾರು ಹೊರಗೇ ನಿಲ್ಲಬೇಕು ಎಂಬುದೂ ಅದರಲ್ಲೇ ತೀರ್ಮಾನವಾಗುತ್ತಿತ್ತು. ಸಂವಿಧಾನ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 15ನೇ ವಿಧಿಯ ಎರಡನೇ ಉಪವಿಧಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳ ಹೆಸರು ಹಿಡಿದೇ, ಅಲ್ಲಿಗೆ ಹೋಗಲು ಜಾತಿ ಧರ್ಮದ ಅಡ್ಡಿ ಇರಕೂಡದೆಂದು ಹೇಳುತ್ತದೆ. 1955ರಲ್ಲಿ ಬಂದ ಅಸ್ಪೃಶ್ಯತಾ ವಿರೋಧಿ ಕಾಯ್ದೆ ಅಂಥ ಅಡ್ಡಿಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಹಾಗಿದ್ದೂ ಹಳ್ಳಿಯ ಚಹಾದಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ದಶಕಗಟ್ಟಲೆ ನಡೆದುಬಂತು. ಗೆಳೆಯರ ಗುಂಪೊಂದು ಜಾತಿ ಕೇಳದೆ ಒಂದು ತಟ್ಟೆ ಪಕೋಡಕ್ಕೆ ಕೈಹಾಕುವುದರ ಹಿಂದೆ ಇಷ್ಟೆಲ್ಲ ಇದೆ.

ಹೆಂಗಸರು ಹೋಟೆಲಿನೊಳಗೆ ಬಂದ ಕತೆ ಇದಕ್ಕಿಂತ ಸ್ವಲ್ಪ ತಮಾಷೆಯದು. ಹಳೆಯ ಹೋಟೆಲುಗಳ ಒಂದು ಮೂಲೆಯಲ್ಲಿ ಪ್ಲೈವುಡ್ ಹೊಡೆದು ಮಾಡಿದ ಸಾಲು ಗೂಡುಗಳಿರುತ್ತಿದ್ದವು, ಪ್ರತಿಯೊಂದಕ್ಕೂ ಒಂದು ಪರದೆ, ಮೇಲೆ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡು. ಪರದೆಯ ಅಂಚು ನೂರಾರು ಜನ ಕೈ ಒರೆಸಿ ಒರೆಸಿ ಸಾಂಬಾರಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಒಳಗೆ ನಾಲ್ವರಿಗೆ ಇಕ್ಕಟ್ಟಾಗುವ ಬೆಂಚು, ತಲೆಯ ಮೇಲೆ ಕಿರುಗುಡುವ ಫ್ಯಾನು. ಸಪ್ಲೈಯರ್ ಒಳಗೆ ಬರುವ ಮೊದಲು ಒಂದು ಸಲ ಕೆಮ್ಮಬೇಕು, ಅದು ಅಲಿಖಿತ ನಿಯಮ. ಹೊಸದಾಗಿ ಮದುವೆಯಾದವರು, ಹೆಣ್ಣು ನೋಡುವ ಶಾಸ್ತ್ರವನ್ನು ಮನೆಯಲ್ಲಿಟ್ಟುಕೊಳ್ಳಲು ಇಷ್ಟವಿಲ್ಲದವರು, ಪೇಟೆಗೆ ಸೀರೆ ಕೊಳ್ಳಲು ಬಂದ ಅಕ್ಕತಂಗಿಯರು ಅಲ್ಲಿ ಕೂರುತ್ತಿದ್ದರು. ‘ಫ್ಯಾಮಿಲಿ’ ಇನ್ನೂ ಆಗಿರದ ಕಾಲೇಜು ಜೋಡಿಗಳಿಗೂ ಆ ಪರದೆಯೇ ಗತಿ. ಗಲ್ಲಾದ ಮೇಲೆ ಕೂತ ಯಜಮಾನರಿಗೆ ಅದು ಗೊತ್ತಿದ್ದೂ ಗೊತ್ತಿರಲಿಲ್ಲ.

ಆ ಪರದೆಯನ್ನು ಕಿತ್ತದ್ದು ಯಾವ ಚಳವಳಿಯೂ ಅಲ್ಲ, ದರ್ಶಿನಿ.

1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದಾಗ ಅವರ ಲೆಕ್ಕಾಚಾರ ಜಾಗ ಮತ್ತು ದುಡ್ಡಿನದು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಕೌಂಟರಿಗೆ ಕೊಟ್ಟರೆ ಇಡ್ಲಿ ವಡೆ ಕೈಗೆ ಬರುತ್ತದೆ, ನಿಂತೇ ತಿನ್ನುವುದು. ಕೂರಿಸದಿದ್ದರೆ ಗಿರಾಕಿ ಬೇಗ ಹೋಗುತ್ತಾನೆ, ಸಂಬಳ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಅಡುಗೆಮನೆ ಕಣ್ಣೆದುರಿಗೇ ಇರುವುದರಿಂದ ಶುಚಿಯ ಬಗ್ಗೆ ಅನುಮಾನ ಕಡಿಮೆ. ಈ ಮಾದರಿ ಕೆಲವೇ ವರ್ಷಗಳಲ್ಲಿ ಊರು ತುಂಬಿತು. ಆದರೆ ಅದರ ದೊಡ್ಡ ಫಲ ಯಾರೂ ಯೋಚಿಸದೆ ಇದ್ದದ್ದು. ಆಫೀಸಿಗೆ ಹೊರಟ ಹೆಂಗಸು ಒಬ್ಬಳೇ ರಸ್ತೆಬದಿಯ ಸ್ಟೀಲ್ ಟೇಬಲ್ಲಿಗೆ ಒರಗಿ ಖಾರಾಬಾತ್ ತಿಂದು ಕಾಫಿ ಕುಡಿದು ಬಸ್ಸು ಹತ್ತುವುದು, ಎಲ್ಲರ ಕಣ್ಣೆದುರು, ತೀರಾ ಮಾಮೂಲಿಯಾಯಿತು. ಫ್ಯಾಮಿಲಿ ರೂಮು ಹೆಂಗಸರನ್ನು ಹೋಟೆಲಿನೊಳಗೆ ಬಚ್ಚಿಟ್ಟಿತ್ತು. ದರ್ಶಿನಿಗೆ ಬಚ್ಚಿಡಲು ಗೋಡೆಯೇ ಇರಲಿಲ್ಲ. ಈ ಊರಿನ ಸಾಮಾಜಿಕ ಇತಿಹಾಸ ಬರೆಯುವವರು ದರ್ಶಿನಿಗೆ ಒಂದು ಅಧ್ಯಾಯ ಕೊಡದಿದ್ದರೆ ಅದು ಅನ್ಯಾಯ.

ನಷ್ಟವೂ ಆಯಿತೆನ್ನಿ. ಮಂಡಿನೋವಿನ ಅಜ್ಜಿಗೆ, ಕಂಕುಳಲ್ಲಿ ಕೂಸಿರುವ ತಾಯಿಗೆ ನಿಂತು ತಿನ್ನುವುದು ಶಿಕ್ಷೆ. ಗೆಳೆಯರಿಗೆ ಮಾತ್ರ ಅದು ಹೇಳಿ ಮಾಡಿಸಿದ ಜಾಗ. ಬೆಂಗಳೂರಿನ ‘ಬೈ ಟೂ’ ಕಾಫಿಯ ಖದರನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಒಂದು ಕಾಫಿ, ಎರಡು ಲೋಟ. ಇಬ್ಬರ ಬಳಿಯೂ ದುಡ್ಡಿದ್ದರೂ ಬೈ ಟೂ. ಹೋಟೆಲಿನವರು ಗೊಣಗುವುದಿಲ್ಲ, ಕೇಳದಿದ್ದರೆ ಅವರೇ ‘ಬೈ ಟೂನಾ ಸಾರ್?’ ಎನ್ನುತ್ತಾರೆ. ಅರ್ಧ ಲೋಟ ಮುಗಿದ ಮೇಲೂ ಮಾತು ಮುಗಿಯದಿದ್ದರೆ ಇನ್ನೊಂದು ಬೈ ಟೂ.

ಕೂತು ತಿನ್ನುವ ಹೋಟೆಲುಗಳಲ್ಲಿ ಎಂಟಿಆರ್‌ನ ಪಾಠವೇ ಬೇರೆ. ಅಲ್ಲಿಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದವರು. ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು ತಮ್ಮಲ್ಲೂ ಅದೇ ಶಿಸ್ತು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿ ಹೋಗುವಂತೆಯೂ ಮಾಡಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದವರು ತಾವೇ ಎಂದು ಎಂಟಿಆರ್‌ನವರು ಹೇಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆ ಇಳಿಸಿದಾಗ ಗುಣಮಟ್ಟ ಇಳಿಸಲು ಒಪ್ಪದೆ ನಷ್ಟ ಅನುಭವಿಸಿ, ಹಿಟ್ಟು ಪುಡಿಗಳ ವ್ಯಾಪಾರಕ್ಕೆ ಕೈಹಾಕಿದ್ದು, ಅದೇ ಮುಂದೆ ದೊಡ್ಡ ಉದ್ಯಮವಾದದ್ದು ಬಹಳ ಜನಕ್ಕೆ ಗೊತ್ತು. ಮಧ್ಯಾಹ್ನದ ಊಟಕ್ಕೆ ಅಲ್ಲಿ ಕಾಯುವವರನ್ನು ಗಮನಿಸಿ: ಅವಸರದವರು ಕಡಿಮೆ. ಅಮೆರಿಕದಿಂದ ಬಂದ ಮಗನನ್ನು ಅಪ್ಪ ಕರೆತಂದಿರುತ್ತಾನೆ, ಬೆಳ್ಳಿ ಲೋಟದ ಕಾಫಿ ಬರುವವರೆಗೂ ಏಳಬಾರದೆಂದು ಮೊದಲೇ ತಾಕೀತಾಗಿರುತ್ತದೆ.

ಸಸ್ಯಾಹಾರದ ಹೋಟೆಲುಗಳ ಬಗ್ಗೆ ಬರೆದಷ್ಟು ನಮ್ಮ ಪತ್ರಿಕೆಗಳು ಮಿಲಿಟರಿ ಹೋಟೆಲುಗಳ ಬಗ್ಗೆ ಬರೆದಿಲ್ಲ. ಬೆಂಗಳೂರಿನ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ಅಥವಾ ಮೈಸೂರಿನ ಹನುಮಂತು ಹೋಟೆಲಿನ ಪಲಾವಿಗೆ ಭಾನುವಾರ ತಡವಾಗಿ ಹೋದರೆ ತಳ ಕೆರೆದ ಪಾತ್ರೆಯ ಸದ್ದು ಕೇಳಿಸೀತು, ಅಷ್ಟೇ. ಮುದ್ದೆ, ಕಾಲು ಸೂಪು, ಬೋಟಿ, ತಲೆಮಾಂಸ ಎಂದು ಬೆಳಿಗ್ಗೆಯೇ ಶುರುವಾಗುವ ಈ ಜಾಗಗಳು ಬಹುಕಾಲ ಗಂಡಸರವೇ ಆಗಿದ್ದವು. ಮನೆಯವರ ಪಾಲು ಇಲ್ಲೂ ಪಾರ್ಸೆಲ್ಲೇ. ಈಗ ಟೇಬಲ್ಲುಗಳಲ್ಲಿ ಮಕ್ಕಳು ಮರಿ ಕಾಣುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆಂದು ಮಗಳಿಗೆ ಹೇಳಿಕೊಡುವ ಮಂಡ್ಯದ ಅಪ್ಪಂದಿರಿಗೆ ಬೆಂಗಳೂರಿನಲ್ಲಿ ಬೇರೆ ಪಾಠಶಾಲೆ ಇಲ್ಲ.

ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಲೆಕ್ಕ ತಿರುವುಮುರುವು. ಹೊರಗೆ ಉಣ್ಣುವವರು ಗಂಡಸರಾದರೂ ಒಳಗೆ ರೊಟ್ಟಿ ಬಡಿಯುವವರು ಹೆಂಗಸರು, ಎಷ್ಟೋ ಕಡೆ ಯಜಮಾನಿಯರೂ ಅವರೇ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ‘ಇನ್ನೊಂದು ರೊಟ್ಟಿ ತಗೋರಿ, ಏನೂ ಉಂಡೇ ಇಲ್ಲ’ ಎಂಬ ಒತ್ತಾಯ ಬಿಲ್ಲಿನಲ್ಲಿ ಸೇರುವುದಿಲ್ಲ. ಮಂಗಳೂರಿನಲ್ಲಾದರೆ ಮನೆಮಂದಿಯ ಸಂಜೆಗೆ ಐಸ್‌ಕ್ರೀಮಿನ ಮುಕ್ತಾಯ ಬೇಕೇ ಬೇಕು. 1975ರಲ್ಲಿ ಎಸ್. ಪ್ರಭಾಕರ ಕಾಮತರು ಶುರುಮಾಡಿದ ಐಡಿಯಲ್‌ನಲ್ಲಿ ಉದ್ದ ಗಾಜಿನ ಲೋಟದ ಗಡ್‌ಬಡ್‌ಗೆ ಮಕ್ಕಳು ಕೈಹಾಕುವ ಮೊದಲೇ ದೊಡ್ಡವರ ಚಮಚ ಒಳಗಿರುತ್ತದೆ.

ಈಗ ಊರು ಯಾವುದೇ ಇರಲಿ, ಸಂಜೆ ಹೊತ್ತು ಕುಟುಂಬವೊಂದು ‘ವೆಜ್’ ಹೋಟೆಲಿನಲ್ಲಿ ಕೂತರೆ ಆರ್ಡರು ಹೆಚ್ಚುಕಮ್ಮಿ ಒಂದೇ. ಮೆನು ಕಾರ್ಡನ್ನು ಮೊದಲಿಂದ ಕೊನೆವರೆಗೆ ಓದಿ, ಹತ್ತು ನಿಮಿಷ ಚರ್ಚಿಸಿ, ಕೊನೆಗೆ ಟೊಮೆಟೊ ಸೂಪು, ಗೋಬಿ ಮಂಚೂರಿ, ಬಟರ್ ನಾನ್, ಪನೀರ್ ಏನಾದರೊಂದು. ಅಪ್ಪನಿಗೆ ಮಾತ್ರ ಮೊಸರನ್ನ. ಈ ಗೋಬಿ ಎಷ್ಟು ಮನೆಮಾತಾಗಿದೆಯೆಂದರೆ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದಾಗ ಅದು ದಿನಗಟ್ಟಲೆ ಸುದ್ದಿಯಾಯಿತು. ರೋಡಮಿನ್–ಬಿ ಎಂಬ ಬಣ್ಣ ಬಟ್ಟೆಗೆ ಹಾಕುವಂಥದ್ದು, ಹೊಟ್ಟೆಗಲ್ಲ. ತಟ್ಟೆಯಲ್ಲಿ ಬಂದ ಗೋಬಿ ಕೆಂಪಗೆ ಮಿರಮಿರ ಮಿಂಚುತ್ತಿದ್ದರೆ ಕೇಳುವ ಹಕ್ಕು ತಿನ್ನುವವರಿಗಿದೆ.

ಖರ್ಚಿನ ಲೆಕ್ಕವೂ ಬದಲಾಗಿದೆ. ಕೇಂದ್ರ ಸರ್ಕಾರದ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ದೇಶದ ನಗರವಾಸಿಗಳು ತಿಂಗಳ ಖರ್ಚಿನಲ್ಲಿ ಶೇ 10ಕ್ಕಿಂತ ಹೆಚ್ಚನ್ನು ಪಾನೀಯ, ಸಂಸ್ಕರಿತ ಆಹಾರ ಮತ್ತು ಹೊರಗಿನ ತಿನಿಸಿಗೆ ಕೊಡುತ್ತಾರೆ. ಅಕ್ಕಿ ಗೋಧಿಗೆ ಕೊಡುವುದಕ್ಕಿಂತ ಅದು ಎಷ್ಟೋ ಹೆಚ್ಚು.

ದುಡ್ಡಿಗಿಂತ ತುಟ್ಟಿಯಾಗಿರುವುದು ಕೂರುವ ಸಮಯ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಕುರ್ಚಿಯ ಹಿಂದೆ ಬಂದು ನಿಂತವರ ಉಸಿರು ತಾಕುತ್ತದೆ. ಬಾಡಿಗೆ ಏರಿದ ಊರಲ್ಲಿ ಹೋಟೆಲಿನವರಿಗೂ ಬೇರೆ ದಾರಿಯಿಲ್ಲ. ಅದಕ್ಕೇ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಂಥ ಜಾಗಗಳ ಮೇಲೆ ಹಳಬರಿಗೆ ಅಷ್ಟು ಮಮತೆ. ಲೇಖಕರು, ಪತ್ರಕರ್ತರು, ವಕೀಲರು ಒಂದು ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹರಟಿದರೂ ಯಾರೂ ಎಬ್ಬಿಸದ ಹೋಟೆಲು ಅದು. ಅಂಥ ಸೈರಣೆ ಈಗ ಮೆನುವಿನಲ್ಲಿ ಎಲ್ಲೂ ಸಿಗುವುದಿಲ್ಲ. ನಾಲ್ಕು ಜನ ಗೆಳೆಯರು ಮನಸಾರೆ ಮಾತಾಡಬೇಕೆಂದಿದ್ದರೆ ಹೆಸರಾಂತ ಹೋಟೆಲಿನ ಭಾನುವಾರಕ್ಕಿಂತ ಪಕ್ಕದ ರಸ್ತೆಯ ಸಾಧಾರಣ ಹೋಟೆಲಿನ ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆ ಮೇಲು.

ಇನ್ನು ಬಿಲ್ಲು. ಇಬ್ಬರು ಭಾವ–ಮೈದುನರು ‘ನಾನ್ ಕೊಡ್ತೀನಿ, ನೀವು ಸುಮ್ನಿರಿ’ ಎಂದು ಗಲ್ಲಾದ ಮುಂದೆ ನಡೆಸುವ ಕೈಕೈ ಜಗ್ಗಾಟಕ್ಕೆ ಈಗ ಮೊಬೈಲು ಹೊಸ ತಿರುವು ಕೊಟ್ಟಿದೆ. ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವನು ಸ್ಕ್ಯಾನ್ ಮಾಡಿ ಬಂದಿರುತ್ತಾನೆ. ಯಾರೇ ಕೊಡಲಿ, ಕೊಡುವ ಮೊದಲು ಬಿಲ್ಲನ್ನು ಒಮ್ಮೆ ಓದಬೇಕು. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ 5. ‘ಸರ್ವಿಸ್ ಚಾರ್ಜ್’ ತೆರಿಗೆ ಅಲ್ಲ, ಅದು ಸರ್ಕಾರಕ್ಕೆ ಹೋಗುವುದೂ ಇಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಆ ಸಾಲು ಕಂಡರೆ ತೆಗೆಸಿ, ಉಳಿದ ದುಡ್ಡಿನಲ್ಲಿ ಒಂದಿಷ್ಟನ್ನು ಬಡಿಸಿದವನ ಕೈಗೂ ಟೇಬಲ್ ಒರೆಸಿದ ಹುಡುಗನ ಕೈಗೂ ನೇರವಾಗಿ ಕೊಡಿ.